ಮಿದುಳಿಗೆ ವ್ಯಾಯಾಮದ ಮದ್ದು: ಕೊಡಗಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಲಕ್ವ ಹೊಡೆದು ಚೇತರಿಸಿಕೊಳ್ಳುತ್ತಿರುವವರಿಗೋ ಚಲನೆಯನ್ನೇ ನಿಧಾನಗೊಳಿಸುವ ಪಾರ್ಕಿನ್ಸನ್ ಕಾಯಿಲೆಯವರಿಗೋ ದಿನವೂ ವ್ಯಾಯಾಮ ಮಾಡಬೇಕೆಂದು ಹೇಳಿದಾಗ ಕೊಡಗಿನ ಮನೆಗಳಲ್ಲಿ ಮೊದಲು ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ದಿನವಿಡೀ ತೋಟದಲ್ಲೇ ಇರುತ್ತೇವಲ್ಲ, ಬೇರೆ ವ್ಯಾಯಾಮ ಯಾಕೆ?" ಫಿಸಿಯೋಥೆರಪಿಸ್ಟ್ ಆಗಿ ಮಡಿಕೇರಿ, ವಿರಾಜಪೇಟೆಗಳ ಸುತ್ತಮುತ್ತಲಿನ ಮನೆಗಳಿಗೆ ಹೋಗಿಬರುವ ನಾನು ಈ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ಮೆಣಸು ಕುಯ್ಯಲು ಏಣಿ ಹೊತ್ತು ಮರದಿಂದ ಮರಕ್ಕೆ ಹೋಗುವವರ ಮೈಗೆ ಬೇಕಾದಷ್ಟು ದುಡಿಮೆ ಸಿಗುತ್ತದೆ. ಆದರೆ ಕಾಫಿ ಕುಯ್ಲಿನ ದಿನ ಮರದ ನೆರಳಿನಲ್ಲಿ ಕೋಲೂರಿ ನಾಲ್ಕು ಗಂಟೆ ನಿಂತು ಕೆಲಸ ನೋಡಿಕೊಳ್ಳುವ ಯಜಮಾನರ ಉಸಿರು ಒಂದು ಬಾರಿಯೂ ಏರುವುದಿಲ್ಲ. ಅವರಿಗೆ ಸಂಜೆ ಆಗುವುದು ಕಾಲುನೋವು, ವ್ಯಾಯಾಮವಲ್ಲ. ಮಿದುಳಿಗೆ ಉಪಕಾರವಾಗಬೇಕಾದರೆ ವ್ಯಾಯಾಮಕ್ಕೂ ಮದ್ದಿನ ಹಾಗೆ ಅಳತೆ ಬೇಕು, ಹೊತ್ತು ಬೇಕು, ಪಥ್ಯವೂ ಬೇಕು. ಈ ಮೂರನ್ನೂ ನಮ್ಮ ಏರುತಗ್ಗಿನ ನೆಲಕ್ಕೆ, ನಾಲ್ಕು ತಿಂಗಳ ಮಳೆಗೆ ಹೊಂದಿಸಿಕೊಳ್ಳುವುದು ಹೇಗೆಂದು ಮುಂದೆ ಹಂತ ಹಂತವಾಗಿ ವಿವರಿಸಿದ್ದೇನೆ.

ಮೊದಲು, ಮಿದುಳಿನೊಳಗೆ ಏನಾಗುತ್ತದೆ

ಮಿದುಳಿನ ತೂಕ ದೇಹದ ತೂಕದ ಶೇಕಡಾ 2ರಷ್ಟು ಮಾತ್ರ. ಆದರೆ ಸುಮ್ಮನೆ ಕುಳಿತಿರುವಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೇ ಒಂದು ಪಾಲು ಅದಕ್ಕೇ ಹೋಗುತ್ತದೆ. ಇಷ್ಟು ದುಬಾರಿಯಾದ ಅಂಗಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ ಅನೇಕವು ಕೂದಲಿಗಿಂತಲೂ ತೆಳ್ಳಗಿವೆ. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಗಳು ವರ್ಷಗಟ್ಟಲೆ ಸದ್ದಿಲ್ಲದೆ ಕೆಡಿಸುವುದು ಇವೇ ನಾಳಗಳನ್ನು. ನಿಯಮಿತವಾಗಿ ಉಸಿರು ಏರುವಂತೆ ನಡೆದಾಗ ರಕ್ತದೊತ್ತಡ ಇಳಿಯುತ್ತದೆ, ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಹೆಚ್ಚು ಚೆನ್ನಾಗಿ ಹೀರಿಕೊಳ್ಳುತ್ತವೆ, ರಾತ್ರಿಯ ನಿದ್ದೆ ಗಟ್ಟಿಯಾಗುತ್ತದೆ. ಮಿದುಳಿಗೆ ಸಿಗುವ ಲಾಭದ ದೊಡ್ಡ ಪಾಲು ಬರುವುದು ಈ ದಾರಿಯಿಂದಲೇ.

ಇನ್ನೊಂದು ದಾರಿ ಸ್ವಲ್ಪ ಸೂಕ್ಷ್ಮವಾದದ್ದು. ವ್ಯಾಯಾಮದ ವೇಳೆ ಬಿಡಿಎನ್‌ಎಫ್ ಎಂಬ ಪ್ರೋಟೀನ್‌ನ ಪ್ರಮಾಣ ಹೆಚ್ಚುತ್ತದೆ. ನರಕೋಶಗಳು ಬಾಳುವುದಕ್ಕೂ ಅವುಗಳ ನಡುವಿನ ಸಂಪರ್ಕ ಗಟ್ಟಿಯಾಗುವುದಕ್ಕೂ ಅದು ಗೊಬ್ಬರವಿದ್ದ ಹಾಗೆ. ಹೊಸ ನೆನಪುಗಳನ್ನು ಹಿಡಿದಿಡುವ ಹಿಪ್ಪೋಕ್ಯಾಂಪಸ್ ಎಂಬ ಭಾಗ ವಯಸ್ಸಾದಂತೆ ಕುಗ್ಗುತ್ತದೆ. ಅಮೆರಿಕದಲ್ಲಿ 120 ಮಂದಿ ಹಿರಿಯರನ್ನು ಒಂದು ವರ್ಷ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಮೂರು ದಿನ 40 ನಿಮಿಷ ನಡೆದವರಲ್ಲಿ ಈ ಭಾಗ ಸುಮಾರು ಶೇಕಡಾ 2ರಷ್ಟು ಹಿಗ್ಗಿತ್ತು. ಬರೀ ಮೈ ಎಳೆದು ಸಡಿಲಿಸುವಂಥ ವ್ಯಾಯಾಮ ಮಾಡಿದವರಲ್ಲಿ ಶೇಕಡಾ 1.4ರಷ್ಟು ಕುಗ್ಗಿತ್ತು. ಆಮೇಲಿನ ಎಲ್ಲ ಅಧ್ಯಯನಗಳೂ ಇಷ್ಟು ಸ್ಪಷ್ಟವಾದ ಫಲ ತೋರಿಸಿಲ್ಲವೆಂಬುದನ್ನೂ ಹೇಳಬೇಕು. ಅದಕ್ಕಾಗಿಯೇ "ನಡೆದರೆ ಮರೆವು ಬಾರದು" ಎಂದು ಯಾರಿಗೂ ನಾನು ಮಾತು ಕೊಡುವುದಿಲ್ಲ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಹೇಳಿದ್ದು ಹೆಚ್ಚು ತೂಕದ ಮಾತು: ಮರೆಗುಳಿತನದ ಕಾಯಿಲೆಗಳಲ್ಲಿ ಸುಮಾರು ಶೇಕಡಾ 45ರಷ್ಟು, ನಾವು ತಿದ್ದಿಕೊಳ್ಳಬಹುದಾದ 14 ಕಾರಣಗಳಿಗೆ ಸಂಬಂಧಿಸಿದ್ದು. ಮೈ ಬಗ್ಗಿಸದೆ ಕೂರುವುದು ಅವುಗಳಲ್ಲೊಂದು. ಪಟ್ಟಿಯಲ್ಲಿರುವ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು, ಖಿನ್ನತೆಗಳಿಗೂ ವ್ಯಾಯಾಮದಿಂದ ಕಡಿವಾಣ ಬೀಳುತ್ತದೆ.

ಮೂರನೆಯದು, ಕಾಯಿಲೆ ಬಂದವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಮಿದುಳು ತನ್ನನ್ನು ತಾನೇ ಮರುಜೋಡಿಸಿಕೊಳ್ಳಬಲ್ಲದು. ಲಕ್ವದಿಂದ ಒಂದು ಭಾಗ ಸತ್ತರೆ ಅದರ ಅಕ್ಕಪಕ್ಕದ ಭಾಗಗಳು ಆ ಕೆಲಸವನ್ನು ಸ್ವಲ್ಪಮಟ್ಟಿಗೆ ಕಲಿಯುತ್ತವೆ. ಕಲಿಸುವುದು ಪುನರಾವರ್ತನೆ ಮಾತ್ರ. ಮಳೆಯಲ್ಲಿ ಕೊಚ್ಚಿಹೋದ ತೋಟದ ದಾರಿಯ ಬದಲು ಪಕ್ಕದಲ್ಲಿ ಹೊಸ ಕಾಲುದಾರಿ ಬೀಳುವುದು ಜನ ದಿನವೂ ಅಲ್ಲೇ ನಡೆದಾಗ. ವಾರಕ್ಕೊಮ್ಮೆ ನಡೆದರೆ ಅಲ್ಲಿ ಕಳೆಯೇ ಬೆಳೆಯುತ್ತದೆ.

ಹಂತ 1: ವೈದ್ಯರನ್ನು ಸರಿಯಾಗಿ ಕೇಳುವುದು

ನರರೋಗ ತಜ್ಞರನ್ನು ಕಾಣಲು ಕೊಡಗಿನ ಎಷ್ಟೋ ಮಂದಿ ಮೈಸೂರಿಗೋ ಮಂಗಳೂರಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಿಬರುತ್ತಾರೆ. ಬೆಳಗಿನ ಜಾವ ಬಸ್ಸು ಹತ್ತಿ, ಸರದಿಯಲ್ಲಿ ಕಾದು, ಕೊನೆಗೆ ಒಳಗೆ ಸಿಗುವುದು ಕೆಲವೇ ನಿಮಿಷ. ಆ ಹೊತ್ತಿನಲ್ಲಿ "ವ್ಯಾಯಾಮ ಮಾಡಬಹುದಾ ಡಾಕ್ಟ್ರೇ?" ಎಂದು ಕೇಳಿದರೆ "ಮಾಡಿ, ಒಳ್ಳೆಯದು" ಎಂಬ ಉತ್ತರ ಬರುತ್ತದೆ, ಮನೆಗೆ ಬಂದ ಮೇಲೆ ಅದರಿಂದ ಏನೂ ತೋಚುವುದಿಲ್ಲ. ಆದ್ದರಿಂದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಹೃದಯ ಎಷ್ಟು ಶ್ರಮ ತಾಳಬಲ್ಲದು? ರಕ್ತದೊತ್ತಡ ಎಷ್ಟಿದ್ದರೆ ಆ ದಿನ ಬಿಡಬೇಕು? ಯಾವ ಮಾತ್ರೆ ತೆಗೆದುಕೊಂಡು ಎಷ್ಟು ಹೊತ್ತಿಗೆ ಶುರುಮಾಡಬೇಕು? ಮಾಡಲೇಬಾರದ ಚಲನೆ ಯಾವುದು?

ಸಾಮಾನ್ಯವಾಗಿ, ವಿಶ್ರಾಂತಿಯಲ್ಲಿರುವಾಗಲೇ ರಕ್ತದೊತ್ತಡ 180/110 ದಾಟಿದ್ದರೆ ಆ ದಿನ ವ್ಯಾಯಾಮ ಬೇಡ, ವೈದ್ಯರಿಗೆ ತಿಳಿಸಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಸಕ್ಕರೆ ನೋಡಿಕೊಳ್ಳದೆ, ಖಾಲಿ ಹೊಟ್ಟೆಯಲ್ಲಿ ನಡೆಯಲು ಹೊರಡಬಾರದು. ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತಿನ್ನುವವರ ನಾಡಿ ಎಷ್ಟು ಶ್ರಮಪಟ್ಟರೂ ಹೆಚ್ಚು ಏರುವುದಿಲ್ಲ. ಕೈಗೆ ಕಟ್ಟಿದ ಗಡಿಯಾರ ತೋರಿಸುವ ಸಂಖ್ಯೆಯನ್ನು ಅವರು ನಂಬಬಾರದು.

ಹಂತ 2: ಈಗ ಎಲ್ಲಿದ್ದೀರಿ ಎಂದು ಅಳೆಯುವುದು

ಇದಕ್ಕೆ ಬೇಕಾದುದು ಕೈಯಿಲ್ಲದ ಗಟ್ಟಿ ಕುರ್ಚಿ, ಗಡಿಯಾರ ಮತ್ತು ಪಕ್ಕದಲ್ಲಿ ನಿಲ್ಲಲು ಮನೆಯವರೊಬ್ಬರು. ಜಾರದಂತೆ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಎರಡೂ ಕೈಗಳನ್ನು ಎದೆಯ ಮೇಲೆ ಕತ್ತರಿಯಂತೆ ಇಟ್ಟುಕೊಂಡು 30 ಸೆಕೆಂಡಿನಲ್ಲಿ ಎಷ್ಟು ಬಾರಿ ಪೂರ್ತಿ ಎದ್ದು ಕೂರಬಲ್ಲಿರಿ ಎಂದು ಎಣಿಸಿ. 65ರಿಂದ 69 ವಯಸ್ಸಿನ ಗಂಡಸರು 12ಕ್ಕಿಂತ, ಹೆಂಗಸರು 11ಕ್ಕಿಂತ ಕಡಿಮೆ ಬಾರಿ ಎದ್ದರೆ ಕಾಲಿನ ಬಲ ಸಾಲದು ಎಂದು ತಿಳಿಯಬೇಕು.

ಎರಡನೆಯದು ನಡಿಗೆಯ ಪರೀಕ್ಷೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ದೂರದ ಗುರುತಿನವರೆಗೆ ಮಾಮೂಲಿ ವೇಗದಲ್ಲಿ ನಡೆದು, ತಿರುಗಿ ಬಂದು ಕೂರಬೇಕು. ಇದಕ್ಕೆ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಎಂದರ್ಥ. ಅಂಥವರು ತೋಟದ ದಾರಿಗೆ ಇಳಿಯುವ ಮುನ್ನ ಮನೆಯೊಳಗೆ ಸಮತೋಲನದ ಅಭ್ಯಾಸ ಮಾಡಬೇಕು. ನಾನು ಈ ಪರೀಕ್ಷೆಯಲ್ಲಿ ಸೆಕೆಂಡಿಗಿಂತ ಹೆಚ್ಚಾಗಿ ತಿರುಗುವ ರೀತಿಯನ್ನು ನೋಡುತ್ತೇನೆ. ಆರೋಗ್ಯವಂತರು ಎರಡು ಮೂರು ಹೆಜ್ಜೆಯಲ್ಲಿ ತಿರುಗುತ್ತಾರೆ. ಪಾರ್ಕಿನ್ಸನ್ ಇರುವವರು ಗಡಿಯಾರದ ಮುಳ್ಳಿನಂತೆ ಸಣ್ಣ ಸಣ್ಣ ಹೆಜ್ಜೆಯಿಟ್ಟು ತಿರುಗುತ್ತಾರೆ, ಹೆಚ್ಚು ಬೀಳುವುದೂ ಅಲ್ಲೇ. ಎರಡೂ ಸಂಖ್ಯೆಗಳನ್ನು ತಾರೀಕಿನೊಂದಿಗೆ ಬರೆದಿಡಿ.

ಹಂತ 3: ಅಳತೆ ಗೊತ್ತುಮಾಡುವುದು

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕು. ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ ಇರಬೇಕು. 65 ದಾಟಿದವರಿಗೆ ವಾರಕ್ಕೆ ಮೂರು ದಿನ ಸಮತೋಲನಕ್ಕೆ ಒತ್ತು ಕೊಡುವ ಅಭ್ಯಾಸವೂ ಸೇರಬೇಕು. ಮಧ್ಯಮ ಶ್ರಮವೆಂದರೆ ಜೊತೆಯವರೊಂದಿಗೆ ಮಾತಾಡಬಹುದು, ಆದರೆ ಹಾಡಲಾಗದು ಎಂಬಷ್ಟು ಉಸಿರು ಏರುವುದು. ಎರಡು ಮಾತು ಆಡುವಷ್ಟರಲ್ಲಿ ಉಸಿರಿಗೆ ನಿಲ್ಲಬೇಕಾದರೆ ಅದು ತೀವ್ರ ಶ್ರಮ.

150 ನಿಮಿಷ ಕೇಳಿ ಹೆದರುವವರಿಗೆ ನನ್ನ ಸಲಹೆ: ಮೊದಲ ಎರಡು ವಾರ ದಿನಕ್ಕೆ ಮೂರು ಬಾರಿ ಐದೈದು ನಿಮಿಷ ನಡೆಯಿರಿ. ಮೂರನೇ ವಾರದಿಂದ ಪ್ರತಿ ಬಾರಿಗೆ ಒಂದೆರಡು ನಿಮಿಷ ಸೇರಿಸಿ. ಮಾರನೇ ದಿನ ಏಳಲಾಗದಷ್ಟು ಸುಸ್ತಾದರೆ ಹಿಂದಿನ ವಾರದ ಅಳತೆಗೆ ಇಳಿಯಿರಿ, ಪೂರ್ತಿ ಬಿಡಬೇಡಿ. ಬಲಕ್ಕೆ ಕುರ್ಚಿಯಿಂದ ಎದ್ದು ಕೂರುವುದು, ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಗೋಡೆಗೆ ಕೈಕೊಟ್ಟು ತಳ್ಳುವುದು ಸಾಕು. ಎಂಟರಿಂದ ಹನ್ನೆರಡು ಬಾರಿ, ನಡುವೆ ವಿಶ್ರಾಂತಿ ಕೊಟ್ಟು ಎರಡು ಸುತ್ತು. ಎತ್ತುವಾಗ ಉಸಿರು ಬಿಗಿಹಿಡಿಯಬಾರದು, ರಕ್ತದೊತ್ತಡ ತಟ್ಟನೆ ಏರುತ್ತದೆ.

ಹಂತ 4: ಜಾಗ ಮತ್ತು ಹೊತ್ತು

ಕೊಡಗಿನಲ್ಲಿ ಸಮತಟ್ಟಾದ ನೂರು ಹೆಜ್ಜೆ ಸಿಗುವುದೇ ಕಷ್ಟ. ಏರು ಹತ್ತುವುದು ಹೃದಯಕ್ಕೆ ಒಳ್ಳೆಯ ಕೆಲಸ ಕೊಡುತ್ತದೆ. ಬೀಳುವ ಭಯ ಇರುವುದು ಇಳಿಯುವಾಗ. ನರಗಳ ತೊಂದರೆ ಇರುವವರು ಮೊದಲ ತಿಂಗಳು ಇಳಿಜಾರನ್ನು ಬಿಟ್ಟುಬಿಡುವುದು ಕ್ಷೇಮ. ಮಡಿಕೇರಿಯವರಿಗೆ ಜನರಲ್ ತಿಮ್ಮಯ್ಯ ಕ್ರೀಡಾಂಗಣವಿದೆ. ಕುಶಾಲನಗರದ ಕಡೆ ನೆಲವೇ ಹೆಚ್ಚು ಸಮತಟ್ಟು. ತೋಟದ ಮನೆಯವರಿಗೆ ನಾನು ಮೊದಲು ತೋರಿಸುವುದು ಅವರದೇ ಕಣವನ್ನು. ಕಾಫಿ ಒಣಗಿಸಲು ಸಿಮೆಂಟ್ ಹಾಕಿ ಮಟ್ಟ ಮಾಡಿದ ಆ ಜಾಗ ಕುಯ್ಲಿನ ತಿಂಗಳುಗಳನ್ನು ಬಿಟ್ಟರೆ ಖಾಲಿಯೇ ಇರುತ್ತದೆ. ಅದರ ಸುತ್ತಳತೆಯನ್ನು ಒಮ್ಮೆ ಹೆಜ್ಜೆಯಲ್ಲಿ ಅಳೆದುಕೊಂಡರೆ ಎಷ್ಟು ದೂರ ನಡೆದಿರೆಂದು ಸುತ್ತುಗಳಲ್ಲೇ ಲೆಕ್ಕ ಸಿಗುತ್ತದೆ.

ಹೊತ್ತಿನ ವಿಷಯದಲ್ಲಿ ನಮ್ಮಲ್ಲೊಂದು ವಿಶೇಷ ಎಚ್ಚರ ಬೇಕು. ಪಟ್ಟಣದವರಿಗೆ ಹೇಳುವಂತೆ "ಬೆಳಗಿನ ಜಾವ ನಡೆಯಿರಿ" ಎಂದು ಸಿದ್ದಾಪುರ, ಪೊನ್ನಂಪೇಟೆ ಕಡೆಯ ತೋಟದವರಿಗೆ ಹೇಳಲಾಗದು; ಕತ್ತಲು ಹರಿಯುವ ಮುನ್ನ ಕಾಡಾನೆ ದಾರಿಯಲ್ಲಿದ್ದರೆ, ಬೇಗ ಓಡಲಾಗದ ಪಾರ್ಕಿನ್ಸನ್ ರೋಗಿಯ ಗತಿಯೇನು? ಮಂಜು ಕರಗಿ, ತೋಟದ ಕೆಲಸದವರು ಬಂದ ಮೇಲೆ ಹೊರಡಿ, ಒಬ್ಬರೇ ಹೋಗಬೇಡಿ. ಚಪ್ಪಲಿಯಲ್ಲಿ ಬೇಡ. ಹಿಮ್ಮಡಿ ಮುಚ್ಚಿದ, ತಳ ಸವೆಯದ ಶೂ ಇರಲಿ. ಗಂಬೂಟು ತೋಟಕ್ಕೆ ಸರಿ, ವ್ಯಾಯಾಮದ ನಡಿಗೆಗೆ ಅದು ಭಾರ ಮತ್ತು ಸಡಿಲ.

ಹಂತ 5: ಕಾಯಿಲೆಗೆ ತಕ್ಕಂತೆ ಬದಲಿಸುವುದು

*ಪಾರ್ಕಿನ್ಸನ್.* ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯನ್ನು ವಿವರಿಸಿದರು. ಡೋಪಮೀನ್ ತಯಾರಿಸುವ ನರಕೋಶಗಳು ನಶಿಸುವುದರಿಂದ ಚಲನೆ ನಿಧಾನವಾಗಿ, ಹೆಜ್ಜೆ ಕಿರಿದಾಗಿ, ದನಿಯೂ ತಗ್ಗುತ್ತದೆ. ವ್ಯಾಯಾಮದ ಪ್ರಯೋಜನಕ್ಕೆ ಬಲವಾದ ಆಧಾರ ಇರುವ ನರರೋಗಗಳಲ್ಲಿ ಇದೊಂದು. 2012ರಲ್ಲಿ ಪ್ರಕಟವಾದ, 195 ರೋಗಿಗಳ ಅಧ್ಯಯನವೊಂದರಲ್ಲಿ ವಾರಕ್ಕೆರಡು ದಿನ, 24 ವಾರ ತಾಯ್ ಚಿ ಎಂಬ ನಿಧಾನ ಚಲನೆಯ ಚೀನೀ ವ್ಯಾಯಾಮ ಕಲಿತವರ ಸಮತೋಲನ ಸುಧಾರಿಸಿ ಬೀಳುವುದು ಕಡಿಮೆಯಾಯಿತು. ಹೊಸದಾಗಿ ಕಾಯಿಲೆ ಪತ್ತೆಯಾದ 128 ಮಂದಿಯ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಇನ್ನೊಂದರಲ್ಲಿ, ವಾರಕ್ಕೆ ಸುಮಾರು ಮೂರು ದಿನ ಟ್ರೆಡ್‌ಮಿಲ್ ಮೇಲೆ ತೀವ್ರವಾಗಿ ನಡೆದವರ ಚಲನೆಯ ಲಕ್ಷಣಗಳು ಆರು ತಿಂಗಳಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು. ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಉಲ್ಬಣಿಸಿದವು. ಹಾಗೆಂದು ಹೃದಯ ಪರೀಕ್ಷೆ ಮಾಡಿಸದೆ ಯಾರೂ ತೀವ್ರ ಶ್ರಮಕ್ಕೆ ಇಳಿಯಬಾರದು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಸೇನೆಯಿಂದ ನಿವೃತ್ತರಾದ ನಮ್ಮ ಚಿಕ್ಕಪ್ಪನವರಿಗೆ ಈ ಕಾಯಿಲೆ ಬಂದ ಹೊಸದರಲ್ಲಿ, ನನಗೆ ಬಿಡುವಿದ್ದ ಹೊತ್ತಿಗೆ ಅವರನ್ನು ಅಂಗಳಕ್ಕೆ ಕರೆದೆ. ಡೋಪಮೀನ್ ಕೊರತೆ ತುಂಬುವ ಲೆವೊಡೋಪ ಮಾತ್ರೆಯ ಮುಂದಿನ ಸರದಿ ಹತ್ತಿರ ಬಂದಿತ್ತು, ಹಿಂದಿನದರ ಬಲ ಇಳಿದಿತ್ತು. ಜಗಲಿಯ ಹೊಸ್ತಿಲ ಬಳಿ ಅವರ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಟ್ಟಿತು; ಮೈ ಮುಂದಕ್ಕೆ ಬಾಗಿತು, ನಾನು ಸೊಂಟ ಹಿಡಿಯದಿದ್ದರೆ ಮೆಟ್ಟಿಲ ಮೇಲೆ ಬೀಳುತ್ತಿದ್ದರು. ಕುರ್ಚಿಯಲ್ಲಿ ಕೂರಿಸಿದ ಮೇಲೆ ಅವರು ನಗುತ್ತಲೇ ಹೇಳಿದರು: "ಮದ್ದು ತುಂಬದೆ ಕೋವಿ ಹಾರಿಸೋಕೆ ಹೋದ್ರೆ ಹೀಗೇ ಆಗೋದು, ಮಗ." ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಅದನ್ನೇ. ಮಾತ್ರೆ ತೆಗೆದುಕೊಂಡು ಅದು ಕೆಲಸ ಮಾಡತೊಡಗಿದ ಮೇಲೆ, ಹೆಚ್ಚಿನವರಿಗೆ 45 ನಿಮಿಷದಿಂದ ಒಂದು ಗಂಟೆಯ ನಂತರ, ವ್ಯಾಯಾಮ ಶುರುಮಾಡಿ.

ಹೊಸ್ತಿಲ ತೊಂದರೆಗೆ ಪರಿಹಾರವೂ ಅವರಿಂದಲೇ ಸಿಕ್ಕಿತು. ಇಕ್ಕಟ್ಟಾದ ಬಾಗಿಲು, ತಿರುವು, ನೆಲದ ಬಣ್ಣ ಬದಲಾಗುವ ಕಡೆ ಹೀಗೆ ಕಾಲು ಕಟ್ಟುವುದು ಪಾರ್ಕಿನ್ಸನ್‌ನಲ್ಲಿ ಸಾಮಾನ್ಯ. ಕಣ್ಣಿಗೋ ಕಿವಿಗೋ ಹೊರಗಿನಿಂದ ಒಂದು ಸೂಚನೆ ಸಿಕ್ಕರೆ ಮಿದುಳು ಕೆಟ್ಟುಹೋದ ದಾರಿಯನ್ನು ಬಳಸದೆ ಬೇರೊಂದು ದಾರಿಯಿಂದ ಕಾಲಿಗೆ ಆಜ್ಞೆ ಕಳಿಸುತ್ತದೆ. ಜಗಲಿಯಿಂದ ಒಳಮನೆಯವರೆಗೆ ಒಂದೊಂದು ಹೆಜ್ಜೆಯ ಅಂತರದಲ್ಲಿ ನೆಲಕ್ಕೆ ಹಳದಿ ಟೇಪು ಅಂಟಿಸಿದೆವು. ಟೇಪಿನ ಜೊತೆಗೆ ಚಿಕ್ಕಪ್ಪ ತಾವೇ ಪರೇಡಿನ ದನಿಯಲ್ಲಿ "ಏಕ್, ದೋ, ಏಕ್" ಎಂದುಕೊಂಡು ಮೊಣಕಾಲೆತ್ತಿ ದಾಟತೊಡಗಿದರು. ಚಿಕ್ಕಮ್ಮನಿಗೆ ಮೊದಲು ನಗು ಬರುತ್ತಿತ್ತು, ಆಮೇಲೆ ಅವರೂ ಅಡುಗೆಮನೆಯಿಂದಲೇ ಎಣಿಸುತ್ತಿದ್ದರು.

ಸೇನೆಯ ಅಭ್ಯಾಸ ಇಲ್ಲದವರಿಗೆ ತಾಳವನ್ನು ವಾಲಗ ಕೊಡುತ್ತದೆ. ಮದುವೆ ಮನೆಯಲ್ಲಿ ವಾಲಗ ಶುರುವಾದರೆ ಕೊಡಗಿನಲ್ಲಿ ಕೂತ ಕಾಲು ಕೂತಲ್ಲಿರುವುದಿಲ್ಲ. ಪಾರ್ಕಿನ್ಸನ್ ಇರುವ ಎಷ್ಟೋ ಮಂದಿಗೂ ಇದು ಅನ್ವಯಿಸುತ್ತದೆ. ಮೊಬೈಲಿನಲ್ಲಿ ವಾಲಗ ಹಾಕಿ, ಗಟ್ಟಿ ಮೇಜೊಂದನ್ನು ಕೈಗೆಟಕುವಂತೆ ಇಟ್ಟು, ತೋಳು ಅಗಲಿಸಿ ಬೇಕೆಂದೇ ದೊಡ್ಡ ದೊಡ್ಡ ಚಲನೆ ಮಾಡಿ ಹತ್ತು ನಿಮಿಷ ಕುಣಿಯಲಿ. ದೊಡ್ಡದಾಗಿ ಮಾಡುತ್ತಿದ್ದೇನೆ ಎಂದು ಅವರಿಗೆ ಅನಿಸುವುದು ನೋಡುವವರಿಗೆ ಮಾಮೂಲಿಯಾಗಿ ಕಾಣುತ್ತದೆ. ಕಾಯಿಲೆ ಕೆಡಿಸುವುದು ಈ ಅಂದಾಜನ್ನೇ. ಮಲಗಿ ಏಳುವಾಗ ರಕ್ತದೊತ್ತಡ ಕುಸಿದು ತಲೆ ಸುತ್ತುವವರು ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕೂತು ಪಾದ ಆಡಿಸಿ ಏಳಬೇಕು.

*ಲಕ್ವ.* ಎಷ್ಟು ಬೇಗ ಎಬ್ಬಿಸಿದರೆ ಅಷ್ಟು ಒಳ್ಳೆಯದೆಂಬ ಹುಮ್ಮಸ್ಸು ಒಂದು ಕಾಲದಲ್ಲಿ ನಮ್ಮ ವೃತ್ತಿಯವರಿಗೂ ಇತ್ತು. 2,104 ರೋಗಿಗಳನ್ನು ಒಳಗೊಂಡು 2015ರಲ್ಲಿ ಪ್ರಕಟವಾದ ಅವರ್ಟ್ ಎಂಬ ಅಧ್ಯಯನ ಇದನ್ನು ತಿದ್ದಿತು: ಮೊದಲ 24 ಗಂಟೆಯೊಳಗೆ ಪದೇ ಪದೇ ಹೆಚ್ಚು ಹೊತ್ತು ಎಬ್ಬಿಸಿ ನಡೆಸಿದವರಲ್ಲಿ ಒಳ್ಳೆಯ ಚೇತರಿಕೆಯ ಸಾಧ್ಯತೆ ಕಡಿಮೆಯಾಯಿತು. ಹಾಗಾಗಿ ಯಾವಾಗ ಎಬ್ಬಿಸಬೇಕೆಂಬುದು ಆಸ್ಪತ್ರೆಯವರ ತೀರ್ಮಾನ. ಮನೆಗೆ ಬಂದ ಮೇಲಿನದು ನಿಮ್ಮ ಕೈಯಲ್ಲಿದೆ, ಅದು ತಿಂಗಳುಗಟ್ಟಲೆಯ ಕೆಲಸ.

ಮನೆಗಳಲ್ಲಿ ನಾನು ಕಾಣುವ ದೊಡ್ಡ ತಪ್ಪು, ಸೋತ ಕೈಯನ್ನು ಹಿಡಿದೆಳೆದು ಅಥವಾ ಕಂಕುಳಿಗೆ ಕೈಹಾಕಿ ರೋಗಿಯನ್ನು ಎಬ್ಬಿಸುವುದು. ಸ್ನಾಯುಬಲ ಇಲ್ಲದ ಭುಜದ ಕೀಲು ಜಾರಿಬಿಟ್ಟರೆ ಆಮೇಲೆ ನೋವಿಗೆ ಹೆದರಿ ಅವರು ಆ ಕೈಯನ್ನು ಅಲುಗಾಡಿಸಲೂ ಬಿಡುವುದಿಲ್ಲ. ಸೊಂಟಕ್ಕೆ ಅಗಲವಾದ ಬೆಲ್ಟು ಕಟ್ಟಿ ಅದನ್ನು ಹಿಡಿಯಿರಿ, ಸೋತ ಮಗ್ಗುಲಿನಲ್ಲಿ ನಿಲ್ಲಿ, ಮುಂದಕ್ಕೆ ಬಾಗಿ ಅವರೇ ಏಳುವಂತೆ ಕಾಯಿರಿ.

ಕೈ ಬೆರಳುಗಳ ಚಲನೆ ಸ್ವಲ್ಪವಾದರೂ ಮರಳಿದ್ದರೆ ಅದಕ್ಕೆ ನೂರಾರು ಬಾರಿ ಕೆಲಸ ಕೊಡಬೇಕು. ರಬ್ಬರ್ ಚೆಂಡು ಹಿಸುಕುವುದರಲ್ಲಿ ಯಾರಿಗೂ ಮನಸ್ಸು ನಿಲ್ಲುವುದಿಲ್ಲ. ತೋಟ ಮಾಡಿ ಬದುಕಿದ ಅಜ್ಜಿಯೊಬ್ಬರ ಮುಂದೆ ಮೊರದಲ್ಲಿ ಎರಡು ಹಿಡಿ ಕಾಫಿ ಬೀಜ ಹರಡಿ, ಕಪ್ಪಾದದ್ದನ್ನೂ ಒಡೆದದ್ದನ್ನೂ ಸೋತ ಕೈಯಿಂದಲೇ ಹೆಕ್ಕಲು ಹೇಳಿದೆ. ಮೊದಲ ದಿನ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಬೀಜ ನಿಲ್ಲಲೇ ಇಲ್ಲ, ಅಂಗೈಯಲ್ಲಿ ಗುಡಿಸಿಕೊಂಡರು. ಮೂರನೇ ವಾರ ಒಂದೊಂದೇ ಬೀಜ ಬೆರಳ ತುದಿಯಲ್ಲಿ ಎದ್ದಿತು. ನಾನು ಹೆಕ್ಕಿದ್ದರಲ್ಲಿ ಉಳಿದ ಕೆಟ್ಟ ಬೀಜಗಳನ್ನು ತೋರಿಸಿ ಅಜ್ಜಿ ನನ್ನನ್ನೇ ಬೈದರು. ಆರೋಗ್ಯವಾಗಿರುವ ಕೈಯನ್ನು ಕೆಲವು ಗಂಟೆ ಕಟ್ಟಿಹಾಕಿ ಸೋತ ಕೈಯಿಂದಲೇ ಕೆಲಸ ಮಾಡಿಸುವ ಚಿಕಿತ್ಸೆಯೊಂದೂ ಇದೆ; ಅದಕ್ಕೆ ಮಣಿಕಟ್ಟು, ಬೆರಳು ಸ್ವಲ್ಪ ಆಡಲೇಬೇಕು, ಚಿಕಿತ್ಸಕರ ನಿಗಾ ಇಲ್ಲದೆ ಮಾಡಬಾರದು.

*ಮರೆಗುಳಿತನ.* ಕಾಯಿಲೆ ಬಂದ ಮೇಲೆ ವ್ಯಾಯಾಮದಿಂದ ನೆನಪು ಮರಳುತ್ತದೆಂದು ಆಸೆ ಹುಟ್ಟಿಸುವುದು ಸರಿಯಲ್ಲ. ಬ್ರಿಟನ್ನಿನಲ್ಲಿ 494 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೈ ಬಲವಾಯಿತೇ ಹೊರತು ಬುದ್ಧಿಶಕ್ತಿಯ ಇಳಿತ ನಿಧಾನವಾಗಲಿಲ್ಲ. ಆದರೂ ನಡೆಸಿ ಎನ್ನುತ್ತೇನೆ. ಹಗಲು ಮೈ ದಣಿದರೆ ರಾತ್ರಿ ನಿದ್ದೆ ಬರುತ್ತದೆ, ಅವರನ್ನು ನೋಡಿಕೊಳ್ಳುವವರಿಗೂ ಬರುತ್ತದೆ. ಎದ್ದು ಕೂರುವ ಬಲ ಉಳಿದರೆ ಶೌಚಾಲಯಕ್ಕೆ ಹೋಗಿಬರುವುದು ಸುಲಭ. ದಿನವೂ ಅದೇ ಹೊತ್ತು, ಅದೇ ದಾರಿ, ಅದೇ ಜೊತೆ ಇರಲಿ. ತೋಟದಲ್ಲಿ ಎಲ್ಲ ಸಾಲೂ ಒಂದೇ ಥರ ಕಾಣುವುದರಿಂದ ದಾರಿ ತಪ್ಪುವುದು ಬೇಗ. ಮನೆಯ ಫೋನ್ ನಂಬರ್ ಬರೆದ ಚೀಟಿ ಜೇಬಿನಲ್ಲಿರಲಿ.

*ಮಲ್ಟಿಪಲ್ ಸ್ಕ್ಲೆರೋಸಿಸ್.* ಮಿದುಳು, ಬೆನ್ನುಹುರಿಗಳ ನರಗಳ ಹೊದಿಕೆ ಕೆಡುವ ಕಾಯಿಲೆ ಇದು. ಮೈ ಬಿಸಿಯಾದರೆ ದೃಷ್ಟಿ ಮಸುಕಾಗುವುದು, ಕಾಲು ಸೋಲುವುದು ಈ ಕಾಯಿಲೆಯಲ್ಲಿ ಉಂಟು. ಜರ್ಮನಿಯ ವೈದ್ಯ ಊಟ್‌ಹಾಫ್ 1890ರಲ್ಲೇ ಇದನ್ನು ಗುರುತಿಸಿದ್ದರು. ಇದಕ್ಕೆ ಹೆದರಿ ಬಹುಕಾಲ ವ್ಯಾಯಾಮವೇ ಬೇಡ ಎನ್ನುತ್ತಿದ್ದರು, ಈಗ ಹಾಗಿಲ್ಲ. ತಂಪಾದ ಮೇಲೆ ಲಕ್ಷಣಗಳು ಇಳಿಯುತ್ತವೆ, ಹೊಸ ಹಾನಿ ಆಗುವುದಿಲ್ಲ. ಕೊಡಗಿನ ಹವೆ ಇವರಿಗೆ ಅನುಕೂಲವೇ, ಆದರೆ ಮಾರ್ಚ್, ಏಪ್ರಿಲ್ ಮಧ್ಯಾಹ್ನದ ಸಿಮೆಂಟ್ ಕಣವೂ, ಬಚ್ಚಲ ಹಂಡೆಯ ಕುದಿನೀರಿನ ಸ್ನಾನವೂ ಅಲ್ಲ. ವ್ಯಾಯಾಮದ ಬೆನ್ನಿಗೇ ಬಿಸಿನೀರು ಹುಯ್ದುಕೊಳ್ಳಬೇಡಿ.

*ಮೂರ್ಛೆರೋಗ.* ವ್ಯಾಯಾಮದಿಂದ ಫಿಟ್ಸ್ ಬರುವುದು ಅಪರೂಪ. ಮಾತ್ರೆ ತಪ್ಪಿಸುವುದು, ನಿದ್ದೆಗೆಡುವುದು ಅದಕ್ಕಿಂತ ದೊಡ್ಡ ಕಾರಣಗಳು. ನಡೆಯಬಹುದು, ಹಾಕಿ ಆಡಬಹುದು. 1997ರಲ್ಲಿ ಕರಡದಲ್ಲಿ ಶುರುವಾದ ಕೌಟುಂಬಿಕ ಹಾಕಿ ಉತ್ಸವ ಪ್ರತಿ ಮನೆಯನ್ನೂ ಮೈದಾನಕ್ಕೆಳೆಯುವ ನಾಡಿನಲ್ಲಿ ಹುಡುಗನೊಬ್ಬನನ್ನು ಕಾಯಿಲೆಯ ಹೆಸರು ಹೇಳಿ ಹೊರಗೆ ಕೂರಿಸುವುದು ಅನ್ಯಾಯ. ವೈದ್ಯರ ಒಪ್ಪಿಗೆಯಿದ್ದು, ಫಿಟ್ಸ್ ಬಂದರೆ ಏನು ಮಾಡಬೇಕೆಂದು ಜೊತೆಯವರಿಗೆ ಗೊತ್ತಿದ್ದರೆ ಆಡಲಿ. ಆದರೆ ಒಬ್ಬನೇ ಕೆರೆಗೋ ಹೊಳೆಗೋ ಈಜಲು ಇಳಿಯುವುದು, ಮೆಣಸಿನ ಏಣಿ ಹತ್ತುವುದು ಖಂಡಿತ ಬೇಡ.

*ಕಾಲಿನ ನರ ಸೋತವರು.* ಸಕ್ಕರೆ ಕಾಯಿಲೆ, ಅತಿಯಾದ ಕುಡಿತ, ಬಿ12 ಕೊರತೆ, ಇವು ಪಾದದ ಸ್ಪರ್ಶ ಮರೆಸುತ್ತವೆ. ನಡೆದು ಬಂದ ಮೇಲೆ ಪಾದದ ಅಡಿಯನ್ನು ಕನ್ನಡಿ ಹಿಡಿದು ನೋಡಬೇಕು. ಜಿಗಣೆ ಕಚ್ಚಿದ್ದು ಯಾರಿಗೂ ತಿಳಿಯುವುದಿಲ್ಲ. ಲಕ್ವದ ನಂತರ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಲ್ಲಂತೂ ಆ ಗಾಯ ಬಹಳ ಹೊತ್ತು ಸೋರುತ್ತದೆ, ಒತ್ತಿ ಹಿಡಿದು ಬಟ್ಟೆ ಕಟ್ಟಬೇಕು.

*ಮೈಗ್ರೇನ್.* ನೋವಿಲ್ಲದ ದಿನಗಳಲ್ಲಿ ವಾರಕ್ಕೆ ಮೂರು ಬಾರಿ 40 ನಿಮಿಷದ ವ್ಯಾಯಾಮ ನೋವಿನ ಸರದಿಗಳನ್ನು ಕಡಿಮೆ ಮಾಡಬಲ್ಲದು. ಹತ್ತು ನಿಮಿಷ ನಿಧಾನವಾಗಿ ನಡೆದು ಮೈ ಬಿಸಿಮಾಡಿಕೊಳ್ಳದೆ ಒಮ್ಮೆಲೇ ಓಡಿದರೆ ಅದೇ ತಲೆನೋವು ತರುತ್ತದೆ.

ಹಂತ 6: ಮಳೆಗಾಲದ ನಾಲ್ಕು ತಿಂಗಳು

ಕೊಡಗಿನಲ್ಲಿ ವ್ಯಾಯಾಮ ನಿಲ್ಲುವುದು ಜೂನ್‌ನಲ್ಲಿ. ಜುಲೈ, ಆಗಸ್ಟ್ ನಡುವಿನ ಕಕ್ಕಡ ತಿಂಗಳ ಮಳೆಯಲ್ಲಿ ಅಂಗಳ ಪಾಚಿಗಟ್ಟುತ್ತದೆ, ಒಲೆಯ ಮುಂದಿನ ಜಾಗ ಬಿಟ್ಟು ಏಳಲು ಮನಸ್ಸಾಗುವುದಿಲ್ಲ. ಸೆಪ್ಟೆಂಬರಿನ ಕೈಲ್‌ಪೊಳ್ದು ಹಬ್ಬದ ಹೊತ್ತಿಗೆ ನಾನು ಮತ್ತೆ ಮನೆಗಳಿಗೆ ಹೋದಾಗ ಬೇಸಿಗೆಯಲ್ಲಿ ಗಳಿಸಿದ ಬಲದಲ್ಲಿ ಎಷ್ಟೋ ಭಾಗ ಕರಗಿರುತ್ತದೆ. ಆದ್ದರಿಂದ ಮೇ ತಿಂಗಳಲ್ಲೇ ಒಳಾಂಗಣದ ಏರ್ಪಾಡು ಮಾಡಿಕೊಳ್ಳಬೇಕು.

ಟ್ರೆಡ್‌ಮಿಲ್ ಕೊಳ್ಳಲು ಹೊರಟವರನ್ನು ನಾನು ತಡೆಯುತ್ತೇನೆ. ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ಊರಿನಲ್ಲಿ ಅದರ ಮೇಲೆ ಬಟ್ಟೆ ಒಣಗುತ್ತದೆ. ನಡೆಯುತ್ತಿರುವಾಗಲೇ ಕರೆಂಟ್ ಹೋದರೆ ಸಮತೋಲನ ಇಲ್ಲದವರು ಮುಗ್ಗರಿಸುತ್ತಾರೆ. ಕರೆಂಟ್ ಬೇಡದ, ಬೆನ್ನಿಗೆ ಆಸರೆಯಿರುವ ಸೈಕಲ್ ಯಂತ್ರ ಇದಕ್ಕಿಂತ ಮೇಲು. ಅದೂ ಬೇಡವೆಂದರೆ ಉದ್ದನೆಯ ಜಗಲಿಯೇ ಸಾಕು: ಐದು ನಿಮಿಷ ಜಗಲಿಯಲ್ಲಿ ನಡಿಗೆ, ಹತ್ತು ಬಾರಿ ಕುರ್ಚಿಯಿಂದ ಏಳುವುದು, ಕಂಬ ಹಿಡಿದು ಒಂದೊಂದು ಕಾಲಿನ ಮೇಲೆ ಹತ್ತೆಣಿಸುವವರೆಗೆ ನಿಲ್ಲುವುದು, ಮತ್ತೆ ಐದು ನಿಮಿಷ ನಡಿಗೆ. ಜಗಲಿಯ ನೆಲದಲ್ಲಿ ಒದ್ದೆ ಗೋಣಿಚೀಲ ಹಾಸುವ ರೂಢಿಯನ್ನು ಬಿಡಿ. ಸಣ್ಣ ಹೆಜ್ಜೆಯವರ ಕಾಲಿಗೆ ತೊಡಕುವುದು ಅದೇ. ಬಿಡಿಸಿದ ಒದ್ದೆ ಕೊಡೆಗಳನ್ನು ನಡೆಯುವ ದಾರಿಯಲ್ಲಿ ಇಡಬೇಡಿ.

ಹಂತ 7: ಕೂಡಲೇ ನಿಲ್ಲಿಸಬೇಕಾದ ಸಂದರ್ಭಗಳು

ಎದೆ ಬಿಗಿತ, ವಿಶ್ರಾಂತಿ ಪಡೆದರೂ ಇಳಿಯದ ಏದುಸಿರು, ಕಣ್ಣು ಕತ್ತಲಿಡುವುದು, ಹಿಂದೆಂದೂ ಬಾರದಂಥ ತಲೆನೋವು ಬಂದರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಅದು ಲಕ್ವ. ಗಡಿಯಾರ ನೋಡಿ ಹೊತ್ತನ್ನು ಬರೆದುಕೊಂಡು 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ, ಅದೂ ಸಿ.ಟಿ. ಸ್ಕ್ಯಾನ್ ಆದ ಮೇಲೆ ಕೊಡಬೇಕು. ಒಳನಾಡಿನ ಹಳ್ಳಿಯಿಂದ ಘಾಟಿ ರಸ್ತೆಯ ಪಯಣದಲ್ಲೇ ಇದರ ಬಹುಪಾಲು ಕಳೆಯುತ್ತದೆ, "ಸ್ವಲ್ಪ ಮಲಗಿ ನೋಡೋಣ" ಎನ್ನಲು ಸಮಯವಿಲ್ಲ.

ಹಂತ 8: ಬರೆದಿಡುವುದು

ಕಾಫಿ ತೂಕಕ್ಕೆ, ಆಳುಗಳ ಲೆಕ್ಕಕ್ಕೆ ಪುಸ್ತಕ ಇಡದ ತೋಟದ ಮನೆ ಇಲ್ಲ. ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ದಿನಕ್ಕೊಂದು ಸಾಲು ಬರೆಯಿರಿ: ಮಾತ್ರೆ ತೆಗೆದುಕೊಂಡ ಹೊತ್ತು, ನಡೆದ ನಿಮಿಷ, ಕುರ್ಚಿಯಿಂದ ಎದ್ದ ಸಂಖ್ಯೆ, ಬಿದ್ದಿದ್ದರೆ ಅಥವಾ ಬೀಳುವಂತಾಗಿದ್ದರೆ ಎಲ್ಲಿ, ಯಾವ ಹೊತ್ತಿಗೆ. ತಿಂಗಳಿಗೊಮ್ಮೆ ಎರಡನೇ ಹಂತದ ಎರಡು ಪರೀಕ್ಷೆಗಳನ್ನು ಅದೇ ಕುರ್ಚಿ, ಅದೇ ಶೂ, ಮಾತ್ರೆಯಾದ ಮೇಲೆ ಅಷ್ಟೇ ಹೊತ್ತು ಬಿಟ್ಟು ಮತ್ತೆ ಮಾಡಿ. ಎದ್ದ ಸಂಖ್ಯೆ ಇಳಿಯುತ್ತಿದ್ದರೆ ಅಥವಾ ನಡಿಗೆಯ ಸೆಕೆಂಡು ಏರುತ್ತಿದ್ದರೆ ವ್ಯಾಯಾಮ ಸಾಲದು ಎಂದು ನೀವೇ ತೀರ್ಮಾನಿಸಬೇಡಿ. ಕಾಯಿಲೆ ಮುಂದುವರಿದಿರಬಹುದು, ಮಾತ್ರೆಯ ಪ್ರಮಾಣ ಬದಲಿಸಬೇಕಾಗಿರಬಹುದು. ಚಿಕ್ಕಪ್ಪನ ಪುಸ್ತಕದಲ್ಲಿ ಒಂದು ತಿಂಗಳು ಸಂಜೆ ನಾಲ್ಕರ ಹೊತ್ತಿಗೇ ಐದು ಬಾರಿ "ಹೊಸ್ತಿಲಲ್ಲಿ ನಿಂತರು" ಎಂದಿತ್ತು. ಮುಂದಿನ ಭೇಟಿಯಲ್ಲಿ ವೈದ್ಯರು ಬೇರೇನನ್ನೂ ಕೇಳದೆ ಆ ಪುಟವನ್ನೇ ನೋಡಿ ಮಧ್ಯಾಹ್ನದ ಮಾತ್ರೆಯನ್ನು ಅರ್ಧ ಗಂಟೆ ಮುಂಚೆಯೇ ತೆಗೆದುಕೊಳ್ಳಲು ಹೇಳಿದರು.